ಗಡಿ ಸರಿದವರ ಚರಿತ್ರೆ: ಹೈದರಾಬಾದಿನ ಕನ್ನಡಿಗರು ಮತ್ತು ನಮ್ಮ ಪಾಠಕ್ರಮ

ನಮ್ಮ ಕನ್ನಡ ವಿಭಾಗಗಳ ಪಾಠಕ್ರಮದಲ್ಲಿ ಕಾವ್ಯ, ಛಂದಸ್ಸು, ಶಾಸನ, ಹಸ್ತಪ್ರತಿ, ಜಾನಪದ ಇವೆಲ್ಲಕ್ಕೂ ಯೋಗ್ಯವಾದ ಸ್ಥಾನವಿದೆ. ಆದರೆ ಕನ್ನಡವನ್ನಾಡುವ ಜನ ತಮ್ಮ ಊರನ್ನು ಏಕೆ ಬಿಟ್ಟರು, ಎಲ್ಲಿಗೆ ಹೋದರು, ಹೋದಲ್ಲಿ ಏನಾದರು ಎಂಬ ಪ್ರಶ್ನೆ ಅಲ್ಲಿ ವಿರಳವಾಗಿ ಏಳುತ್ತದೆ. ಅದು ಚರಿತ್ರೆಯವರ ಅಥವಾ ಸಮಾಜಶಾಸ್ತ್ರದವರ ಕೆಲಸವೆಂದು ನಾವು ಸುಮ್ಮನಿದ್ದೇವೆ. ಹೈದರಾಬಾದಿನಂತಹ ನಗರದಲ್ಲಿ ಕನ್ನಡವನ್ನು ಕಲಿಸುವವರಿಗೂ ಕಲಿಯುವವರಿಗೂ ಈ ಮೌನ ಸಲ್ಲದು ಎಂಬುದು ನನ್ನ ಅಭಿಪ್ರಾಯ. ವಲಸೆಯ ಚರಿತ್ರೆಯನ್ನು ಕನ್ನಡ ವಿಭಾಗವೂ ಕಲಿಸಬೇಕು. ಬದುಕಿದವರ ಬಾಯಿಮಾತನ್ನು ಮತ್ತು ಆ ಕಾಲದ ಮೂಲ ದಾಖಲೆಯನ್ನು ಎದುರುಬದುರು ಇಟ್ಟು ಕಲಿಸಬೇಕು. ಇವೆರಡರಲ್ಲಿ ಒಂದನ್ನೇ ನಂಬಿದರೆ ದಾರಿ ತಪ್ಪುವುದು ಖಚಿತ.

ಇದಕ್ಕೆ ಹೈದರಾಬಾದಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಗುಲ್ಬರ್ಗಾ ಜಿಲ್ಲೆಯಲ್ಲಿ (ಇಂದಿನ ಕಲಬುರಗಿ) ಹುಟ್ಟಿ, 1945ರ ಸುಮಾರಿಗೆ ಹೈದರಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಹಿಡಿದು, ಕಾಚಿಗುಡಾದಲ್ಲಿ ಮನೆಮಾಡಿದ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳೋಣ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆದುದರಿಂದ ಅವನು ತನ್ನದೇ ರಾಜಧಾನಿಗೆ ಬಂದವನು. 1919ರ ಮುಲ್ಕಿ ನಿಯಮಗಳ ಪ್ರಕಾರ ಅವನು ಮುಲ್ಕಿ. ಧಾರವಾಡದಿಂದಲೋ ಮೈಸೂರಿನಿಂದಲೋ ಹೊಸದಾಗಿ ಬಂದು ಅದೇ ಬೀದಿಯಲ್ಲಿ ನೆಲೆಸಿದ ಇನ್ನೊಬ್ಬ ಕನ್ನಡಿಗ ಗೈರ್ ಮುಲ್ಕಿ. 1951ರ ಜನಗಣತಿಯಲ್ಲಿ ನಮ್ಮ ಗುಮಾಸ್ತ ಅದೇ ರಾಜ್ಯದ ಬೇರೆ ಜಿಲ್ಲೆಯಲ್ಲಿ ಹುಟ್ಟಿದವನು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. 1961ರ ಗಣತಿಯ ವೇಳೆಗೆ ಅವನು ಮೈಸೂರು ರಾಜ್ಯದಲ್ಲಿ ಹುಟ್ಟಿ ಆಂಧ್ರಪ್ರದೇಶದಲ್ಲಿ ವಾಸಿಸುವವನಾದ, ಎಂದರೆ ಅಂತರರಾಜ್ಯ ವಲಸಿಗನಾದ. ಈ ನಡುವೆ ಅವನು ಮನೆಯನ್ನು ಬದಲಾಯಿಸಿರಲಿಲ್ಲ. ಮೈಸೂರನ್ನು ಕಣ್ಣಿನಿಂದ ಕಂಡವನೂ ಇರಲಿಕ್ಕಿಲ್ಲ. 2014ರ ಜೂನ್ 2ರಂದು ಅವನ ಮೊಮ್ಮಕ್ಕಳು ಅದೇ ಮನೆಯಲ್ಲಿದ್ದುಕೊಂಡೇ ತೆಲಂಗಾಣದವರಾದರು.

ಇಲ್ಲಿ ಜನ ಚಲಿಸಿದ್ದಕ್ಕಿಂತ ಗಡಿ ಚಲಿಸಿದ್ದೇ ಹೆಚ್ಚು. ಒಬ್ಬಿಬ್ಬರ ಮಾತು ಹಾಗಿರಲಿ, ಇಡೀ ತಾಲ್ಲೂಕುಗಳೇ ಹೀಗೆ ಸರಿದವು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ರಾಯಚೂರು ಜಿಲ್ಲೆಯ ಆಲಂಪುರ, ಗದ್ವಾಲ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಗಣತಿಯ ಕೋಷ್ಟಕವನ್ನು ಮಾತ್ರ ಓದುವ ವಿದ್ಯಾರ್ಥಿಗೆ 1951 ಮತ್ತು 1961ರ ನಡುವೆ ದೊಡ್ಡದೊಂದು ವಲಸೆ ನಡೆದಂತೆ ತೋರಬಹುದು. ಆ ಗುಮಾಸ್ತನ ಮಗಳನ್ನು ಕೇಳಿದರೆ, ‘ನಾವು ಎಲ್ಲಿಗೂ ಹೋಗಲಿಲ್ಲ, ಇಲ್ಲಿಯೇ ಇದ್ದೆವು’ ಎಂದಾಳು. ದಾಖಲೆ ಸುಳ್ಳಲ್ಲ, ಮಗಳ ಮಾತೂ ಸುಳ್ಳಲ್ಲ. ಎರಡರ ನಡುವಣ ಅಂತರವೇ ನಾವು ಕಲಿಸಬೇಕಾದ ಚರಿತ್ರೆ.

ಇದು ಕನ್ನಡ ವಿಭಾಗದ ಕೆಲಸ ಹೇಗೆ ಎಂದು ಕೇಳುವವರಿದ್ದಾರೆ. ವಲಸೆಯ ಅನುಭವ ಮೊದಲು ನೆಲೆಗೊಳ್ಳುವುದು ಭಾಷೆಯಲ್ಲಿ ಎಂಬುದೇ ನನ್ನ ಉತ್ತರ. ‘ವಲಸೆ’ ಎಂಬ ಪದ ನಮ್ಮ ಗ್ರಂಥಗಳಲ್ಲಿದೆ. ಬಂದವರ ಬಾಯಲ್ಲಿ ಅದು ಅಪರೂಪ. ನೌಕರನು ‘ವರ್ಗವಾಗಿ ಬಂದೆ’ ಎನ್ನುತ್ತಾನೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೋ ನಿಜಾಮ್ ಕಾಲೇಜಿಗೋ ಸೇರಿದವನು ‘ಓದಲಿಕ್ಕೆ ಬಂದೆ’ ಎನ್ನುತ್ತಾನೆ. ಬರಗಾಲದಲ್ಲಿ ರಾಯಚೂರು, ಯಾದಗಿರಿ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವಳು ‘ಗುಳೆ ಬಂದೆವು’ ಎನ್ನುತ್ತಾಳೆ. ಗಲಭೆಗೆ ಅಂಜಿ ಬಂದವರು ‘ಓಡಿ ಬಂದೆವು’ ಎನ್ನುತ್ತಾರೆ. ಒಂದೊಂದು ಕ್ರಿಯಾಪದದಲ್ಲಿ ಒಂದೊಂದು ವರ್ಗದ ಚರಿತ್ರೆ ಅಡಗಿದೆ. ಇದನ್ನು ಗುರುತಿಸಬಲ್ಲ ಕಿವಿ ಭಾಷಾವಿದ್ಯಾರ್ಥಿಯದು. ಅಲ್ಲದೆ ಕ್ಷೇತ್ರಕಾರ್ಯ ನಮಗೆ ಹೊಸತಲ್ಲ. ದಶಕಗಳಿಂದ ನಮ್ಮ ಜಾನಪದ ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ಹಾಡು, ಕತೆಗಳನ್ನು ಧ್ವನಿಮುದ್ರಿಸಿದ್ದಾರೆ. ಆದರೆ ಹಾಡನ್ನು ಕೇಳಿದಷ್ಟು ಶ್ರದ್ಧೆಯಿಂದ, ಹಾಡಿದವಳು ಆ ಊರಿಗೆ ಹೇಗೆ ಬಂದಳೆಂದು ನಾವು ಕೇಳಲಿಲ್ಲ.

ನೆನಪನ್ನು ನಂಬುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ವೃದ್ಧರು ಇಸವಿಯನ್ನು ತಪ್ಪು ಹೇಳುತ್ತಾರೆ, ಎರಡು ಘಟನೆಗಳನ್ನು ಒಂದಾಗಿಸುತ್ತಾರೆ ಎಂಬುದು ನಿಜ. ಈ ವಿಷಯದಲ್ಲಿ ಇಟಲಿಯ ವಿದ್ವಾಂಸ ಅಲೆಸಾಂದ್ರೊ ಪೋರ್ತೆಲ್ಲಿ ಅವರ ಅಧ್ಯಯನ ನಮಗೆ ಮಾರ್ಗದರ್ಶಕವಾಗಿದೆ. ತೆರ್ನಿ ಎಂಬ ಪಟ್ಟಣದ ಉಕ್ಕಿನ ಕಾರ್ಖಾನೆಯ ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ 1949ರಲ್ಲಿ ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ಆದರೆ ಊರಿನ ಅನೇಕರು ಅವನು 1953ರಲ್ಲಿ, ಸಾಮೂಹಿಕವಾಗಿ ಕೆಲಸದಿಂದ ತೆಗೆದ ಕಾಲದ ಹೋರಾಟದಲ್ಲಿ ಸತ್ತನೆಂದು ಹೇಳಿದರು. ಪೋರ್ತೆಲ್ಲಿ ಈ ತಪ್ಪನ್ನು ಕಸವೆಂದು ಎಸೆಯಲಿಲ್ಲ. ಆ ಜನರಿಗೆ ಯಾವ ಗಾಯ ದೊಡ್ಡದಾಗಿತ್ತು ಎಂಬುದಕ್ಕೆ ಅದನ್ನೇ ಸಾಕ್ಷ್ಯವಾಗಿ ಓದಿದರು. ಆದರೆ ಅದು ತಪ್ಪೆಂದು ತಿಳಿದದ್ದು ಲಿಖಿತ ದಾಖಲೆ ಪಕ್ಕದಲ್ಲಿದ್ದುದರಿಂದ ಎಂಬುದನ್ನು ಮರೆಯಬಾರದು. ಹೈದರಾಬಾದಿನ ಹಿರಿಯರೊಬ್ಬರು 1948ರ ಪೊಲೀಸ್ ಕಾರ್ಯಾಚರಣೆಯನ್ನೂ 1956ರ ಪುನರ್ವಿಂಗಡಣೆಯನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಹೇಳಿದರೆ ವಿದ್ಯಾರ್ಥಿ ತಿದ್ದಿ ಬರೆಯಬಾರದು. ಹೇಳಿದಂತೆ ಬರೆದುಕೊಂಡು, ಏಕೆ ಬೆರೆಯಿತು ಎಂದು ವಿಚಾರಿಸಬೇಕು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಮಾಯುತ್ತಿರುವ ಗಾಯವನ್ನು ಕೆದಕಬೇಕೆ? ರಜಾಕಾರರ ಹಾವಳಿಯ ಕಾಲದಲ್ಲಿ ನಮ್ಮ ಜಿಲ್ಲೆಗಳಿಂದ ಅನೇಕ ಕುಟುಂಬಗಳು ಗಡಿ ದಾಟಿ ಹೋದವು. ಮುಂಡರಗಿ ಮೊದಲಾದ ಶಿಬಿರಗಳ ಚರಿತ್ರೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಸರಿಯೇ. 1948ರ ಸೆಪ್ಟೆಂಬರಿನ ನಂತರ ಇನ್ನೊಂದು ದಿಕ್ಕಿನ ಓಟವೂ ನಡೆಯಿತು. ಹಳ್ಳಿಗಳಲ್ಲಿ ಹಿಂಸೆಗೆ ತುತ್ತಾದ ಮುಸಲ್ಮಾನ ಕುಟುಂಬಗಳು ಹೈದರಾಬಾದ್ ನಗರವನ್ನು ಸೇರಿದವು. ಆ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ನಿಯೋಗ ತನ್ನ ವರದಿಯಲ್ಲಿ ಅತಿ ಹೆಚ್ಚು ಬಾಧಿತವೆಂದು ಹೇಳಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಾಗಳೂ ಇವೆ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ದಾಖಲೆ ಬಾಯಿ ಮುಚ್ಚಿದ್ದಾಗ ನೆನಪನ್ನು ಕಾಪಾಡಿದವರು ಮನೆಯ ಹಿರಿಯರು. ಹಳೆಯ ನಗರದ ಆ ಮನೆಗಳಲ್ಲಿ ದಖನಿಯೊಡನೆ ಕನ್ನಡವನ್ನೂ ಆಡಿದ ಅಜ್ಜಿಯರನ್ನು ನಾವು ‘ಹೈದರಾಬಾದಿನ ಕನ್ನಡಿಗರು’ ಎಂದು ಎಣಿಸಿದ್ದೇವೆಯೆ? ಒಂದು ದಿಕ್ಕಿನ ಓಟವನ್ನು ಮಾತ್ರ ಕಲಿಸುವ ಪಾಠ ಚರಿತ್ರೆಯಾಗದು, ಅರ್ಧ ನೆನಪಾದೀತು. ಗಾಯ ಕೆದಕುವ ಭಯವಿದ್ದರೆ ಕೇಳುವ ರೀತಿಯಲ್ಲಿ ಸಂಯಮವಿರಲಿ. ಕೇಳದಿರುವುದು ಅದಕ್ಕೆ ಪರಿಹಾರವಲ್ಲ.

ಕಾರ್ಯರೂಪದ ಮಾತನ್ನೂ ಆಡಬೇಕು. ಸ್ನಾತಕೋತ್ತರ ತರಗತಿಯಲ್ಲಿ ಒಂದು ಪತ್ರಿಕೆಯಷ್ಟು ಅವಕಾಶ ಸಾಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬರ ಹೇಳಿಕೆಯನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಲಿ. ಬರಹಕ್ಕಿಳಿಸುವಾಗ ಬೀದರದ ಮಾತನ್ನು ಗ್ರಾಂಥಿಕಕ್ಕೆ ತಿದ್ದದಿರಲಿ. ಅದರಲ್ಲಿನ ಉರ್ದು, ತೆಲುಗು, ಮರಾಠಿ ಪದಗಳೇ ಆ ಬದುಕಿನ ಮುದ್ರೆಗಳು. ಅದರೊಡನೆ ಅದೇ ಮನೆಯ ಅಥವಾ ಅದೇ ಕಾಲದ ಒಂದು ಮೂಲ ದಾಖಲೆಯನ್ನು ಹುಡುಕಲಿ: ಮುಲ್ಕಿ ಪ್ರಮಾಣಪತ್ರ, 1956ರ ನೌಕರರ ಹಂಚಿಕೆಯ ಆದೇಶ, ಶಾಲೆಯ ವರ್ಗಾವಣೆ ಪತ್ರ, ಪಡಿತರ ಚೀಟಿ, ಊರಿನಿಂದ ಬಂದ ಕಾಗದ. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆಗಳಂತಹ ಸಂಸ್ಥೆಗಳ ಸುತ್ತ ಬೆಳೆದ ಬದುಕು ಇದಕ್ಕೆ ಸಹಜವಾದ ಆರಂಭಸ್ಥಾನ. ಗುಳೆ ಬಂದವರ ಬಳಿ ಕಾಗದಗಳು ಕಡಿಮೆ. ಅವರ ವಿಷಯದಲ್ಲಿ ಮಾತಿನ ಹೊಣೆ ಇನ್ನೂ ಹೆಚ್ಚು. ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ ಉಸ್ಮಾನಿಯಾದ ನೆರೆಯಲ್ಲೇ ಇದೆ. ನಿಜಾಮರ ಕಾಲದ ಕಡತಗಳನ್ನು ಓದಲು ಉರ್ದು ಲಿಪಿ ಬೇಕು. ಹಳಗನ್ನಡ ಲಿಪಿಯನ್ನು ಶಾಸನಕ್ಕಾಗಿ ಕಲಿಸುವ ನಾವು, ನಮ್ಮ ಅಜ್ಜಂದಿರ ಅರ್ಜಿಗಳನ್ನು ಓದುವುದಕ್ಕಾಗಿ ಉರ್ದು ಲಿಪಿಯನ್ನು ಒಂದು ಅವಧಿಯಾದರೂ ಕಲಿಸಬಾರದೇಕೆ? ಸಂಗ್ರಹಿಸಿದ್ದರ ಒಂದು ಪ್ರತಿ ವಿಭಾಗದಲ್ಲಿ ಉಳಿಯಲಿ, ಒಂದು ಪ್ರತಿ ಹೇಳಿದವರ ಮನೆಗೆ ಮರಳಲಿ.

ನಮ್ಮವರು ಯಾರು, ಎಲ್ಲಿಯವರು ಎಂಬ ಪ್ರಶ್ನೆ ಹಳೆಯದಾಗಿಲ್ಲ. ಸಂವಿಧಾನದ 371ಜೆ ವಿಧಿ ಹಳೆಯ ಹೈದರಾಬಾದ್ ಕರ್ನಾಟಕದ ಪ್ರದೇಶಕ್ಕೆ, ಹುಟ್ಟಿನಿಂದ ಅಥವಾ ವಾಸದಿಂದ ಅಲ್ಲಿಗೆ ಸೇರಿದವರಿಗೆ, ವಿಶೇಷ ಅವಕಾಶಗಳನ್ನು ಕಲ್ಪಿಸಿದೆ. ಆ ಪ್ರದೇಶ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದೆ. ಹೆಸರಿನಿಂದ ಹೈದರಾಬಾದ್ ಹೋಯಿತು. ಹೈದರಾಬಾದಿನಲ್ಲಿ ಉಳಿದ ಆ ಪ್ರದೇಶದ ಜನ ಹೋಗಿಲ್ಲ. 1956ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಪತ್ರಾಗಾರದ ಕಡತ ಇನ್ನೂ ಕೆಲವು ವರ್ಷ ಕಾಯಬಹುದು, ಅವರು ಕಾಯಲಾರರು. ಪಾಠಕ್ರಮದ ಪರಿಷ್ಕರಣೆಯನ್ನು ಮುಂದಿನ ಸಭೆಗೆ ಮುಂದೂಡುವ ಮೊದಲು ನಮ್ಮ ಅಧ್ಯಾಪಕ ಮಿತ್ರರು ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.