ತಾರಾಪಂದ್ಯದ ಜಾತ್ರೆ, ಲೀಗಿನ ಸಂತೆ

ಕ್ರೀಡಾಕೂಟಗಳಿಗೆ ಪ್ರಾಯೋಜಕತ್ವ ಕೋರುವ ಮನವಿಪತ್ರಗಳು ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಮೇಜಿಗೆ ಬರುವುದು ಹೊಸ ಸಂಗತಿಯಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಮನವಿಗಳ ಸ್ವರೂಪ ಮಾತ್ರ ಬದಲಾಗಿದೆ. ಹಿಂದೆ ಬಡಾವಣೆಯ ಸಂಘಗಳು ಕಬಡ್ಡಿ ಅಥವಾ ಫುಟ್‌ಬಾಲ್ ಪಂದ್ಯಾವಳಿಗೆ ಒಂದು ಪಾರಿತೋಷಕ ಕೇಳುತ್ತಿದ್ದವು. ಈಗ ಖ್ಯಾತನಾಮರನ್ನು ಒಂದೇ ದಿನ ಒಂದೇ ಮೈದಾನಕ್ಕೆ ಕರೆತರುವ 'ತಾರಾಪಂದ್ಯ'ಗಳಿಗೆ ದೊಡ್ಡ ಮೊತ್ತವನ್ನು ಕೇಳಲಾಗುತ್ತಿದೆ. ಕೃಷ್ಣರಾಜಪುರ, ಮಹದೇವಪುರ ಭಾಗದ ಸಣ್ಣ ಉದ್ಯಮಗಳ ಜಾಹೀರಾತು ಬಾಬತ್ತು ಮೊದಲೇ ಕಿರಿದು. ಆ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ಒಂದು ಪ್ರಸಿದ್ಧ ತಾರಾಪಂದ್ಯದ ಏಳುಬೀಳುಗಳನ್ನು ಗಮನಿಸುವುದು ಉಪಯುಕ್ತ.

ಆ ಪಂದ್ಯದ ಹೆಸರು ಪ್ರೊ ಬೌಲ್. ಅಮೆರಿಕನ್ ಫುಟ್‌ಬಾಲ್ ಆಟದ ವೃತ್ತಿಪರ ಸಂಸ್ಥೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್.ಎಫ್.ಎಲ್.) 32 ತಂಡಗಳಿದ್ದು, ಅವು ತಲಾ 16 ತಂಡಗಳ ಎರಡು ವಿಭಾಗಗಳಾಗಿವೆ. ವರ್ಷವಿಡೀ ಉತ್ತಮವಾಗಿ ಆಡಿದವರನ್ನು ಪ್ರತಿ ವಿಭಾಗದಿಂದ ಆರಿಸಿ, ಋತುವಿನ ಕೊನೆಯಲ್ಲಿ ಪರಸ್ಪರ ಆಡಿಸುವುದೇ ಈ ಪಂದ್ಯದ ಕಲ್ಪನೆ. ಈಗಿನ ಕ್ರಮದ ಮೊದಲ ಪಂದ್ಯ 1951ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆಯಿತು. 1995ರಿಂದ ಅಭಿಮಾನಿಗಳಿಗೂ ಮತದಾನದ ಅವಕಾಶ ದೊರೆತು, ಆಟಗಾರರು, ತರಬೇತುದಾರರು ಮತ್ತು ಅಭಿಮಾನಿಗಳ ಮತಗಳಿಗೆ ಸಮಾನ ತೂಕ ನೀಡುವ ಪದ್ಧತಿ ಬಂದಿತು. ಸರಕು ಉತ್ತಮ, ಪ್ರಚಾರ ಉತ್ತಮ, ಗ್ರಾಹಕನೇ ಸರಕನ್ನು ಆರಿಸುತ್ತಾನೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇಂತಹ ಪಂದ್ಯ ಸೋಲಲು ಕಾರಣವೇ ಇರಲಿಲ್ಲ.

ಆದರೂ ಅದು ಸೋತಿತು. 2012ರ ಜನವರಿಯಲ್ಲಿ ಹೊನೊಲುಲುವಿನಲ್ಲಿ ನಡೆದ ಪಂದ್ಯ 59–41ರಲ್ಲಿ ಮುಗಿಯಿತು. ಅಂಕಗಳು ಧಾರಾಳವಾಗಿದ್ದರೂ ಆಟಗಾರರು ಮನಸ್ಸಿಟ್ಟು ಆಡಲಿಲ್ಲವೆಂದು ಪ್ರೇಕ್ಷಕರೇ ಕೂಗಿ ಅಸಮಾಧಾನ ತೋರಿದರು. ಪಂದ್ಯವನ್ನೇ ನಿಲ್ಲಿಸುವ ವಿಚಾರವನ್ನು ಎನ್.ಎಫ್.ಎಲ್. ಆಯುಕ್ತ ರೋಜರ್ ಗುಡೆಲ್ ಬಹಿರಂಗವಾಗಿಯೇ ಎತ್ತಿದರು. ಮುಂದೆ ತಂಡಗಳ ರಚನೆ ಬದಲಾಯಿಸಿ, ಊರು ಬದಲಾಯಿಸಿ ನೋಡಿದರೂ ಫಲ ದೊರೆಯಲಿಲ್ಲ. ಕೊನೆಗೆ 2023ರಿಂದ ಮೈಗೆ ಮೈ ತಾಗಿಸಿ ಕೆಡಹುವ ಮೂಲ ಆಟವನ್ನೇ ಕೈಬಿಟ್ಟು, ಸೊಂಟದ ಪಟ್ಟಿಯಿಂದ ಬಟ್ಟೆಯ ಪಟ್ಟಿಯನ್ನು ಕಿತ್ತುಕೊಳ್ಳುವ 'ಫ್ಲ್ಯಾಗ್ ಫುಟ್‌ಬಾಲ್' ಮತ್ತು ಕೌಶಲ ಸ್ಪರ್ಧೆಗಳನ್ನು ಅದರ ಸ್ಥಾನದಲ್ಲಿ ಇರಿಸಲಾಯಿತು.

ಪಣವಿಲ್ಲದ ಆಟ

ಸೋಲಿಗೆ ಕಾರಣವನ್ನು ಆಟಗಾರರ ಸೋಮಾರಿತನದಲ್ಲಿ ಹುಡುಕುವುದು ನ್ಯಾಯವಲ್ಲ. ಅವರು ಲೆಕ್ಕ ಬಲ್ಲವರು. 2022ರ ಪಂದ್ಯದಲ್ಲಿ ಗೆದ್ದ ತಂಡದ ಪ್ರತಿಯೊಬ್ಬನಿಗೆ 80,000 ಡಾಲರ್, ಸೋತವನಿಗೆ 40,000 ಡಾಲರ್ ಸಂದಾಯವಾಯಿತು. ಕೇಳುವವರಿಗೆ ಇದು ದೊಡ್ಡ ಮೊತ್ತ. ಆದರೆ ಅಗ್ರ ಆಟಗಾರರ ವಾರ್ಷಿಕ ಕರಾರುಗಳು ಹಲವು ದಶಲಕ್ಷ ಡಾಲರ್‌ಗಳಲ್ಲಿರುತ್ತವೆ. ಗೆಲುವಿನಿಂದ ಬರುವ ಹೆಚ್ಚುವರಿ ಹಣ ಅಲ್ಪ, ಗಾಯಗೊಂಡರೆ ಆಗುವ ನಷ್ಟ ಅಪಾರ. ಈ ಭಯ ಕಾಲ್ಪನಿಕವೂ ಅಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ತಂಡದ ಯುವ ಆಟಗಾರ ರಾಬರ್ಟ್ ಎಡ್ವರ್ಡ್ಸ್ ಪ್ರೊ ಬೌಲ್ ವಾರದ ಅಂಗವಾಗಿ ಹವಾಯಿಯ ಕಡಲತೀರದ ಮರಳಿನ ಮೇಲೆ ನಡೆದ ಪ್ರದರ್ಶನ ಆಟದಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು, 2002ರವರೆಗೆ ಲೀಗ್‌ಗೆ ಮರಳಲಾಗಲಿಲ್ಲ. 2016ರ ಪಂದ್ಯದಲ್ಲಿ ಸಿನ್ಸಿನಾಟಿಯ ಟೈಲರ್ ಐಫರ್ಟ್ ಕಾಲಿನ ಹರಡಿಗೆ ಗಾಯವಾಗಿ ಮುಂದಿನ ಋತುವಿನ ಆರಂಭದ ಪಂದ್ಯಗಳನ್ನು ಕಳೆದುಕೊಂಡರು. ಇಂತಹ ಸ್ಥಿತಿಯಲ್ಲಿ ಯಾವ ವಿವೇಕಿಯೂ ಪೂರ್ಣ ಶಕ್ತಿಯಿಂದ ಆಡಲಾರ. 2010ರಿಂದ ಪಂದ್ಯವನ್ನು ಅಂತಿಮ ಸೂಪರ್ ಬೌಲ್‌ಗೆ ಮೊದಲು ನಡೆಸಲಾರಂಭಿಸಿದ ಕಾರಣ, ಅಂತಿಮಕ್ಕೆ ಬಂದ ಎರಡು ಶ್ರೇಷ್ಠ ತಂಡಗಳ ಆಟಗಾರರೂ ಅದರಿಂದ ಹೊರಗುಳಿದರು.

ಇಲ್ಲೊಂದು ಕುತೂಹಲದ ಅಂಶವಿದೆ. ಪ್ರೊ ಬೌಲ್‌ಗೆ ಆಯ್ಕೆಯಾಗುವ ಗೌರವದ ಬೆಲೆ ಮಾತ್ರ ಎಂದೂ ಇಳಿಯಲಿಲ್ಲ. ಆಯ್ಕೆಯಾದರೆ ಹೆಚ್ಚುವರಿ ಹಣ ನೀಡುವ ಷರತ್ತುಗಳು ಅನೇಕ ಆಟಗಾರರ ಕರಾರುಗಳಲ್ಲಿವೆ. ಆಯ್ಕೆಯನ್ನು ಸಂತೋಷದಿಂದ ಸ್ವೀಕರಿಸಿ ಆಟಕ್ಕೆ ಗೈರುಹಾಜರಾಗುವವರೂ ಬಹಳ. ಇದರ ಅರ್ಥ ಸ್ಪಷ್ಟ. ಗೌರವದ ಹಿಂದೆ ಇಡೀ ಋತುವಿನ ದುಡಿಮೆ ಇದೆ, ಪ್ರದರ್ಶನದ ಹಿಂದೆ ಏನೂ ಇಲ್ಲ. ಉತ್ತಮ ಉದ್ಯಮಿ ಪ್ರಶಸ್ತಿಗಳನ್ನು ನೀಡುವ ವಾಣಿಜ್ಯ ಸಂಸ್ಥೆಗಳೂ ಈ ಭೇದವನ್ನು ನೆನಪಿನಲ್ಲಿಡುವುದು ಲೇಸು. ಪ್ರಶಸ್ತಿಯ ತೂಕ ನಿರ್ಧಾರವಾಗುವುದು ಆಯ್ಕೆಯ ಮಾನದಂಡದಿಂದ, ಸಮಾರಂಭದ ಅಬ್ಬರದಿಂದಲ್ಲ.

ಹವಾಯಿಯ ಪಾಠ

ತಾರಾಪಂದ್ಯಗಳ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಆಟ ಕಳಪೆಯಾದರೂ ಜನ ನೋಡುತ್ತಾರೆ. 2022ರ ಪ್ರೊ ಬೌಲ್ ಅನ್ನು ಟಿ.ವಿ.ಯಲ್ಲಿ 60 ಲಕ್ಷಕ್ಕೂ ಮಿಕ್ಕಿದ ಜನ ವೀಕ್ಷಿಸಿದರು. ಹೊರಗಿನಿಂದ ಜನ ಬಂದರೆ ಹೋಟೆಲು, ಅಂಗಡಿ, ಬಾಡಿಗೆ ವಾಹನಗಳಿಗೆ ವ್ಯಾಪಾರವಾಗುತ್ತದೆ. ಇದೇ ಲೆಕ್ಕದಿಂದ ಹವಾಯಿ ರಾಜ್ಯವು 1980ರಿಂದ 2009ರವರೆಗೆ ಸತತ 30 ವರ್ಷ ಹೊನೊಲುಲುವಿನ ಅಲೋಹಾ ಕ್ರೀಡಾಂಗಣದಲ್ಲಿ ಪಂದ್ಯಕ್ಕೆ ಆತಿಥ್ಯ ನೀಡಿತು. ರಾಜ್ಯದ ಪ್ರವಾಸೋದ್ಯಮ ಪ್ರಾಧಿಕಾರ ಅದಕ್ಕಾಗಿ ಹಣವನ್ನೂ ತೆತ್ತಿತು. ಆದರೆ 2010ರಲ್ಲಿ ಪಂದ್ಯ ಮಯಾಮಿಗೆ ಹೋಯಿತು, ಮರಳಿ ಬಂದಿತು, 2015ರಲ್ಲಿ ಅರಿಜೋನಾಕ್ಕೆ ಹೋಯಿತು, 2016ರಲ್ಲಿ ಮತ್ತೊಮ್ಮೆ ಬಂದು, 2017ರಲ್ಲಿ ಒರ್ಲ್ಯಾಂಡೊಗೆ ಹೊರಟಿತು. ಆ ಬಳಿಕ ಹವಾಯಿಗೆ ಮರಳಲಿಲ್ಲ. ಅಲೋಹಾ ಕ್ರೀಡಾಂಗಣವೂ 2020ರ ಡಿಸೆಂಬರ್‌ನಲ್ಲಿ ಪ್ರೇಕ್ಷಕರ ಪಾಲಿಗೆ ಬಾಗಿಲು ಮುಚ್ಚಿತು. 30 ವರ್ಷದ ಗ್ರಾಹಕನಾದರೂ ಒಡೆತನ ಬೇರೆಯವರದ್ದಾದರೆ ಮರುದಿನ ಗಾಡಿ ಕಟ್ಟಲು ಸ್ವತಂತ್ರ ಎಂಬುದನ್ನು ಅಲ್ಲಿನ ವರ್ತಕರು ಅನುಭವದಿಂದ ಅರಿತರು.

ಬೆಂಗಳೂರಿಗೂ ಈ ಅನುಭವ ಅಪರಿಚಿತವಲ್ಲ. ಏಷ್ಯಾ ಇಲೆವೆನ್ ಮತ್ತು ಆಫ್ರಿಕಾ ಇಲೆವೆನ್ ಎಂಬ ಎರಡು ಖಂಡಗಳ ತಾರಾತಂಡಗಳ ಕ್ರಿಕೆಟ್ ಪಂದ್ಯ 2007ರ ಜೂನ್ 6ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಏಷ್ಯಾ ತಂಡ 34 ರನ್‌ಗಳಿಂದ ಗೆದ್ದಿತು. ಆಫ್ರಿಕಾದ ಪರ ಏಳನೆಯ ಕ್ರಮಾಂಕದಲ್ಲಿ ಆಡಿದ ಶಾನ್ ಪೊಲಾಕ್ 130 ರನ್ ಗಳಿಸಿದರು. ಆಟ ಚೆನ್ನಾಗಿಯೇ ಇತ್ತು, ಅಧಿಕೃತ ಏಕದಿನ ಪಂದ್ಯದ ಮಾನ್ಯತೆಯೂ ಇತ್ತು. ಆದರೂ ಆಫ್ರೋ-ಏಷ್ಯಾ ಕಪ್ ಎರಡೇ ಆವೃತ್ತಿಗಳಿಗೆ ನಿಂತುಹೋಯಿತು; 2009ರಲ್ಲಿ ಕೀನ್ಯಾದಲ್ಲಿ ನಡೆಯಬೇಕಿದ್ದ ಮೂರನೆಯದು ನಡೆಯಲೇ ಇಲ್ಲ. 2020ರಲ್ಲಿ ಐ.ಪಿ.ಎಲ್. ಆರಂಭಕ್ಕೆ ಮೊದಲು ಸಹಾಯಾರ್ಥ ತಾರಾಪಂದ್ಯವೊಂದನ್ನು ಆಡಿಸುವುದಾಗಿ ಘೋಷಿಸಲಾಗಿತ್ತು. ಅದೂ ಮೈದಾನಕ್ಕೆ ಇಳಿಯಲಿಲ್ಲ. ಅಮೆರಿಕನ್ ಫುಟ್‌ಬಾಲ್ ಆಟವನ್ನೇ ಭಾರತಕ್ಕೆ ತರಲು 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಪ್ರಕಟವಾದಾಗ ಅದರಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. ಮೊದಲ ಋತುವಿನ ಪಂದ್ಯಗಳನ್ನು 2012ರಲ್ಲಿ ಕೊಲಂಬೊದಲ್ಲಿ ಆಡಿಸಿ ಟಿ.ವಿ.ಯಲ್ಲಿ ತೋರಿಸಲಾಯಿತು. ಊರಿನ ಹೆಸರು ತಂಡಕ್ಕೆ ಸಿಕ್ಕಿತಾದರೂ, ತಂಡದ ವ್ಯಾಪಾರ ಊರಿಗೆ ಸಿಗಲಿಲ್ಲ.

ಚೆಂಡು ಹೊಲಿಯುವ ಊರು

ಹಾಗಿದ್ದರೆ ಕ್ರೀಡೆಯಿಂದ ಸಣ್ಣ ಉದ್ಯಮಕ್ಕೆ ಲಾಭವೇ ಇಲ್ಲವೇ? ಖಂಡಿತ ಇದೆ. ಅದಕ್ಕೂ ಅದೇ ಅಮೆರಿಕನ್ ಫುಟ್‌ಬಾಲ್ ಉತ್ತಮ ನಿದರ್ಶನ. ಓಹಾಯೊ ರಾಜ್ಯದ ಏಡಾ ಎಂಬುದು ಐದಾರು ಸಾವಿರ ಜನಸಂಖ್ಯೆಯ ಪುಟ್ಟ ಪಟ್ಟಣ. ಎನ್.ಎಫ್.ಎಲ್. ಆಡುವ ಚೆಂಡನ್ನು 1941ರಿಂದ ಒದಗಿಸುತ್ತಿರುವ ವಿಲ್ಸನ್ ಸಂಸ್ಥೆಯ ಕಾರ್ಖಾನೆ 1955ರಿಂದ ಅಲ್ಲಿದೆ. ಚಿಕಾಗೋದ ಹಾರ್ವೀನ್ ಎಂಬ ಹದಗಾರಿಕೆ ಸಂಸ್ಥೆಯಿಂದ ಬಂದ ಚರ್ಮವನ್ನು ಕತ್ತರಿಸಿ, ನಾಲ್ಕು ಹೋಳುಗಳನ್ನು ಒಳಮುಖವಾಗಿ ಹೊಲಿದು, ಹಬೆಯಲ್ಲಿ ಮೆದುಗೊಳಿಸಿ ಮಗುಚಿ, ದಾರ ಕಟ್ಟುವ ಕೆಲಸವನ್ನು ಅಲ್ಲಿನ ಕೆಲಸಗಾರರು ಇಂದಿಗೂ ಕೈಯಿಂದಲೇ ಮಾಡುತ್ತಾರೆ. ಈ ಕಾರ್ಖಾನೆಯನ್ನು ಬದುಕಿಸಿರುವುದು ತಾರಾಪಂದ್ಯವಲ್ಲ. 2021ರಿಂದ ಪ್ರತಿ ಋತುವಿನಲ್ಲಿ ಲೀಗ್ ಹಂತದಲ್ಲೇ ನಡೆಯುವ 272 ಪಂದ್ಯಗಳು, ಅವುಗಳ ಹಿಂದಿನ ದಿನನಿತ್ಯದ ಅಭ್ಯಾಸ, ಅದನ್ನು ನೋಡಿ ಆಡುವ ಶಾಲಾಕಾಲೇಜುಗಳ ಬೇಡಿಕೆ ಅದನ್ನು ಬದುಕಿಸಿವೆ. ತಯಾರಕನಿಗೆ ಬೇಕಾದುದು ಮತ್ತೆ ಮತ್ತೆ ಬರುವ ಆರ್ಡರು.

ಕೃಷ್ಣರಾಜಪುರದವರಿಗೆ ಇದನ್ನು ವಿವರಿಸಬೇಕಾದ ಅಗತ್ಯ ಕಡಿಮೆ. ಜಾತ್ರೆಗೂ ಸಂತೆಗೂ ಇರುವ ವ್ಯತ್ಯಾಸವನ್ನು ಹಳೆ ಮದ್ರಾಸು ರಸ್ತೆಯ ವ್ಯಾಪಾರಿಗಳು ತಲೆಮಾರುಗಳಿಂದ ಬಲ್ಲರು. ಜಾತ್ರೆಯಲ್ಲಿ ಒಂದು ದಿನ ಗಲ್ಲಾ ತುಂಬಬಹುದು. ಆದರೆ ಸಾಲ ಕೊಟ್ಟು ವಸೂಲಿ ಮಾಡಲು, ಗಿರಾಕಿಯ ಮುಖ ಗುರುತಿಟ್ಟುಕೊಳ್ಳಲು, ಮುಂದಿನ ವಾರಕ್ಕೆ ಸರಕು ತರಿಸಲು ಸಂತೆಯೇ ಬೇಕು. ಊರ ಜಾತ್ರೆಯಾದರೂ ದೇವರು ಊರಲ್ಲೇ ಇರುವುದರಿಂದ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ತಾರಾಪಂದ್ಯಕ್ಕೆ ಆ ಭರವಸೆಯೂ ಇಲ್ಲ.

ಕ್ರೀಡೆಯ 'ಸಂತೆ' ಈ ಭಾಗದಲ್ಲಿ ಒಮ್ಮೆ ನಡೆದಿತ್ತು. 1948ರಲ್ಲಿ ದೂರವಾಣಿನಗರದಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತನ್ನದೇ ಫುಟ್‌ಬಾಲ್ ತಂಡವನ್ನು ಕಟ್ಟಿತು. ಕಾರ್ಖಾನೆಯ ಹೆಸರು ಹೊತ್ತ ಆ ತಂಡ ನಗರದ ಲೀಗ್‌ನಲ್ಲಿ ಎಚ್.ಎ.ಎಲ್.ನಂತಹ ಸಾರ್ವಜನಿಕ ಉದ್ದಿಮೆಗಳ ತಂಡಗಳೊಡನೆ ಸೆಣಸಿತು, ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿಯೂ ಆಡಿತು. ಆಟಗಾರರಿಗೆ ಉದ್ಯೋಗ, ಕಾರ್ಮಿಕರಿಗೆ ಅಭಿಮಾನ, ಬಡಾವಣೆಯ ಮಕ್ಕಳಿಗೆ ಮಾದರಿ ದೊರೆತವು. ಅಂತಹ ತಂಡಗಳ ಪಂದ್ಯದಲ್ಲಿ ಪಣವಿತ್ತು: ಗೆದ್ದರೆ ಮೇಲಿನ ಸ್ಥಾನ, ಸೋತರೆ ಕೆಳಗಿನ ವಿಭಾಗ. ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಕುಗ್ಗಿದಂತೆ ಈ ಆಶ್ರಯವೂ ಕ್ಷೀಣಿಸಿತು. ಆ ಜಾಗವನ್ನು ಒಂದು ದೊಡ್ಡ ಸಂಸ್ಥೆ ಒಬ್ಬಂಟಿಯಾಗಿ ತುಂಬಲಾರದು. ಇಪ್ಪತ್ತು ಮೂವತ್ತು ಸಣ್ಣ ಘಟಕಗಳು ಸೇರಿ ತುಂಬಬಹುದು.

ಮಾಡಬಹುದಾದುದು

ಆದುದರಿಂದ ಸದಸ್ಯರು ಪ್ರಾಯೋಜಕತ್ವದ ಮನವಿಗೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಅವಶ್ಯ. ಪಂದ್ಯ ಒಂದು ದಿನದ್ದೋ, ಹಲವು ವಾರಗಳದ್ದೋ? ಗೆಲುವು ಸೋಲಿನಿಂದ ಆಟಗಾರನಿಗೆ ನಿಜವಾದ ವ್ಯತ್ಯಾಸವಾಗುತ್ತದೆಯೇ? ಮುಂದಿನ ವರ್ಷ ಅದೇ ಊರಿನಲ್ಲಿ ನಡೆಸುವ ಲಿಖಿತ ಬದ್ಧತೆ ಇದೆಯೇ? ಜರ್ಸಿ, ಪಾರಿತೋಷಕ, ಶಾಮಿಯಾನ, ಊಟೋಪಚಾರಗಳ ಖರೀದಿ ಸ್ಥಳೀಯರಿಂದಲೇ ಆಗುವುದೇ? ಜನಸಂದಣಿಯ ನಿಯಂತ್ರಣ, ವೈದ್ಯಕೀಯ ವ್ಯವಸ್ಥೆ ಮತ್ತು ವಿಮೆಯ ಹೊಣೆ ಯಾರದು? ಈ ಕೊನೆಯ ಪ್ರಶ್ನೆಯನ್ನು ಔಪಚಾರಿಕವೆಂದು ಯಾರೂ ಭಾವಿಸಬಾರದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡುದನ್ನು ನಗರ ಮರೆತಿಲ್ಲ. ಪ್ರಾಯೋಜಕತ್ವಕ್ಕೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಅನ್ವಯವಾಗುವುದರಿಂದ, ಅದನ್ನು ಕಟ್ಟುವ ಹೊಣೆ ಯಾರ ಮೇಲಿದೆ ಎಂಬುದನ್ನೂ ಲೆಕ್ಕ ಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

ಪ್ರೊ ಬೌಲ್‌ನ ರೂಪಾಂತರದಲ್ಲಿ ಇನ್ನೊಂದು ಸೂಚನೆಯೂ ಅಡಗಿದೆ. ಫ್ಲ್ಯಾಗ್ ಫುಟ್‌ಬಾಲ್‌ಗೆ ಶಿರಸ್ತ್ರಾಣವಾಗಲಿ, ಭುಜಕವಚವಾಗಲಿ ಬೇಡ. ಒಂದು ಚೆಂಡು, ಬಟ್ಟೆಯ ಪಟ್ಟಿಗಳು, ಸೊಂಟದ ಪಟ್ಟಿ ಸಾಕು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವೇ ಕ್ರಿಕೆಟ್‌ನೊಂದಿಗೆ ಈ ಆಟವನ್ನೂ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿಸಿತು. ಭಾರತದ ಕ್ರೀಡಾಸಾಮಗ್ರಿ ಉದ್ಯಮ ಜಲಂಧರ್ ಮತ್ತು ಮೇರಠ್‌ಗಳಲ್ಲಿ ಬೇರೂರಿದೆ. ಬೆಂಗಳೂರಿನ ಹೊಲಿಗೆ ಘಟಕಗಳು ಅವುಗಳಿಗೆ ಒಮ್ಮೆಲೇ ಸಾಟಿಯಾಗುತ್ತವೆಂದು ಹೇಳುವುದು ಅತಿಶಯೋಕ್ತಿ. ಆದರೆ ಶಾಲೆಗಳಿಗೆ ಸರಳ ಸಾಮಗ್ರಿ ಒದಗಿಸುವ ಪ್ರಯತ್ನಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ತಾರೆಯೊಬ್ಬನನ್ನು ಒಂದು ಸಂಜೆ ಕರೆತರುವ ವೆಚ್ಚಕ್ಕಿಂತ ಅದು ಕಡಿಮೆಯೇ.

2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ಕೃಷ್ಣರಾಜಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಓಡತೊಡಗಿದ ಮೇಲೆ ಈ ಭಾಗಕ್ಕೆ ಜನರನ್ನು ತರುವುದು ಮೊದಲಿನಷ್ಟು ಕಷ್ಟವಲ್ಲ. ಕಷ್ಟವಿರುವುದು ಅವರನ್ನು ಮುಂದಿನ ವಾರವೂ ಬರುವಂತೆ ಮಾಡುವುದರಲ್ಲಿ. ಸ್ಥಳೀಯ ಕಾರ್ಖಾನೆಗಳ ಮತ್ತು ವರ್ತಕ ಸಂಘಗಳ ತಂಡಗಳು ಹತ್ತು ಹನ್ನೆರಡು ಭಾನುವಾರ ಆಡುವ ಒಂದು ಸಾಧಾರಣ ಲೀಗ್, ಸುಸ್ಥಿತಿಯಲ್ಲಿರುವ ಒಂದು ಮೈದಾನ, ಮೇಲೇರಲು ಮತ್ತು ಕೆಳಗಿಳಿಯಲು ಎರಡು ವಿಭಾಗಗಳು ಇಷ್ಟಿದ್ದರೆ ಆರಂಭಕ್ಕೆ ಸಾಕು. ಅದರ ಫಲಕದ ಮೇಲೆ ಬರೆದ ಅಂಗಡಿಯ ಹೆಸರನ್ನು ಒಂದೇ ಜನ ಹನ್ನೆರಡು ಬಾರಿ ಓದುತ್ತಾರೆ. ಜಾಹೀರಾತಿಗೆ ವ್ಯಯಿಸಿದ ರೂಪಾಯಿ ಮರಳಿ ಬರುವ ದಾರಿ ಅದು.