ತಕ್ಕಡಿ ಯಾರ ಕೈಯಲ್ಲಿರಬೇಕು?

“ಬೆಳೆಯುವುದು ರೈತನ ಧರ್ಮ, ಮಾರುವುದು ವರ್ತಕನ ಧರ್ಮ, ಒಬ್ಬನ ಕೆಲಸವನ್ನು ಇನ್ನೊಬ್ಬನು ಮೈಮೇಲೆ ಹಾಕಿಕೊಂಡರೆ ಎರಡೂ ಕೆಡುತ್ತವೆ” ಎಂಬ ಮಾತನ್ನು ಶಿವಮೊಗ್ಗದ ಸಭೆಯೊಂದರಲ್ಲಿ ವಿದ್ಯಾವಂತರೊಬ್ಬರು ಆಡಿದರು, ಸಭಿಕರಲ್ಲಿ ಅನೇಕರು ತಲೆದೂಗಿದರು. ಆ ಮಾತಿಗೆ ಸೂತ್ರದ ಬಿಗಿಯಿದೆ. ಆದರೆ ಕಿವಿಗೆ ಹಿತವಾದ ಸೂತ್ರಗಳೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಎರಡು ಎಕರೆಯ ಸಾಗುವಳಿದಾರನೂ, ಮನೆಯಲ್ಲಿ ಹಪ್ಪಳ ಉಪ್ಪಿನಕಾಯಿಗಳನ್ನು ಮಾಡುವ ಗೃಹಿಣಿಯೂ, ಜೇನು ಸಾಕುವವನೂ, ಬುಟ್ಟಿ ಹೆಣೆಯುವವನೂ, ತಾವು ಬೆಳೆದುದನ್ನು, ತಾವು ಮಾಡಿದುದನ್ನು ತಾವೇ ಮುಂದೆ ಕುಳಿತು ಮಾರುವುದಕ್ಕೆ ಭದ್ರವಾದ ಒಂದು ಸ್ಥಳವು ಪ್ರತಿಯೊಂದು ಊರಿನಲ್ಲಿಯೂ ಇರತಕ್ಕದ್ದು. ಅದು ಬಡವರಿಗೆ ದಯೆಯಿಂದ ಕೊಡುವ ಸವಲತ್ತಲ್ಲ, ಪೇಟೆಯಲ್ಲಿ ನ್ಯಾಯವು ಉಳಿಯುವುದಕ್ಕೆ ಅವಶ್ಯವಾದ ವ್ಯವಸ್ಥೆ ಎಂಬುದು ನನ್ನ ಪಕ್ಷ.

ಪ್ರತಿಪಕ್ಷದಲ್ಲಿ ಬಲವಿಲ್ಲವೆಂದು ನಾನು ಹೇಳಲಾರೆ. ಹೊಸನಗರದ ಒಳಹಳ್ಳಿಯೊಂದರಿಂದ ನಾಲ್ಕು ಕಟ್ಟು ಕೆಸುವಿನೆಲೆ, ಒಂದು ಚೀಲ ಕಳಲೆ ಹೊತ್ತು ನಸುಕಿನ ಬಸ್ಸಿಗೆ ಬರುವ ಹೆಂಗಸು ಒಂದು ದಿನದ ಕೂಲಿಯನ್ನೇ ಕಳೆದುಕೊಳ್ಳುತ್ತಾಳೆ. ಬಸ್ಸಿನ ಚಾರ್ಜು ಬೇರೆ. ಸಂಜೆಯ ಹೊತ್ತಿಗೆ ಉಳಿದ ಮಾಲನ್ನು ಬಂದ ಬೆಲೆಗೆ ಕೊಟ್ಟು ಏಳಬೇಕು. ವರ್ತಕನಾದರೋ ಹತ್ತು ಮನೆಯ ಮಾಲನ್ನು ಒಂದೇ ಗಾಡಿಯಲ್ಲಿ ತರುತ್ತಾನೆ, ಕೊಳೆತರೆ ನಷ್ಟವನ್ನು ತಾನು ಹೊರುತ್ತಾನೆ, ಮದುವೆಗೋ ಔಷಧಕ್ಕೋ ಹಣ ಬೇಕೆಂದಾಗ ಮುಂಗಡವನ್ನೂ ಕೊಡುತ್ತಾನೆ. ಅಡಿಕೆಯಂಥ ಬೆಳೆಯನ್ನಂತೂ ಸಂತೆಯಲ್ಲಿ ಕುಳಿತು ಚಟಾಕಿನ ಲೆಕ್ಕದಲ್ಲಿ ಮಾರಿ ಯಾರೂ ಸಂಸಾರ ನಡೆಸಲಾರರು. ಇವೆಲ್ಲವೂ ನಿಜ. ಶ್ರಮವಿಭಾಗದಿಂದ ಲೋಕಕ್ಕೆ ಉಪಕಾರವಾಗಿದೆಯೆಂಬುದೂ ನಿಜ. ವರ್ತಕರೆಲ್ಲರೂ ವಂಚಕರೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಾಗೆ ಹೇಳುವವರು ಮಲೆನಾಡಿನ ಆರ್ಥಿಕ ಜೀವನವನ್ನು ಅರಿತವರೂ ಅಲ್ಲ.

ಆದರೆ ಈ ವಾದವು ಒಂದು ಮುಖ್ಯ ವಿಷಯವನ್ನು ಗಮನಿಸದೆ ಬಿಡುತ್ತದೆ. ಪ್ರತಿಯೊಬ್ಬ ಬೆಳೆಗಾರನೂ ಪ್ರತಿದಿನವೂ ಸ್ವತಃ ಮಾರಬೇಕೆಂದು ಯಾರೂ ಕೇಳುತ್ತಿಲ್ಲ. ಬೇಕೆಂದಾಗ ಮಾರಬಲ್ಲೆನೆಂಬ ಸ್ಥಿತಿ ಅವನಿಗಿರಬೇಕೆಂದು ಮಾತ್ರ ಕೇಳುತ್ತಿದ್ದೇವೆ. ಬಾಗಿಲಿಗೆ ಬಂದ ವ್ಯಾಪಾರಿಯೊಡನೆ “ನಿಮ್ಮ ರೇಟು ಗಿಟ್ಟುವುದಿಲ್ಲ ಮಾರಾಯ್ರೇ, ನಾಳೆ ಸಂತೆಗೆ ಹಾಕುತ್ತೇನೆ” ಎಂದು ಹೇಳಬಲ್ಲವನೂ, ಹಾಗೆ ಹೇಳಲಾರದವನೂ, ಒಂದೇ ಮಾಲನ್ನು ಒಂದೇ ದಿನ ಒಬ್ಬನೇ ವ್ಯಾಪಾರಿಗೆ ಕೊಟ್ಟರೂ, ಒಂದೇ ಬೆಲೆಯನ್ನು ಪಡೆಯುವುದಿಲ್ಲ. ಸಂತೆಗೆ ಹೋಗುವವನಿಗೆ ಅದರಿಂದ ಆಗುವ ಲಾಭಕ್ಕಿಂತ, ಹೋಗದೆ ಮನೆಯಲ್ಲಿಯೇ ಇರುವವನಿಗೆ ಅದು ಇದೆಯೆಂಬ ಮಾತ್ರದಿಂದಲೇ ಆಗುವ ಲಾಭವು ಹೆಚ್ಚಿನದು. ಇದೇ ತತ್ತ್ವವು ದೊಡ್ಡ ಪ್ರಮಾಣದಲ್ಲಿ ಶಿವಮೊಗ್ಗದಲ್ಲಿಯೇ ಕಣ್ಣಿಗೆ ಕಾಣುವಂತೆ ನಿಂತಿದೆ. 1939ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಮಾಮ್‌ಕೋಸ್ ಸಹಕಾರ ಸಂಘವು ಜಿಲ್ಲೆಯ ಅಡಿಕೆಯೆಲ್ಲವನ್ನೂ ತಾನೇ ಮಾರುತ್ತಿಲ್ಲ. ಆದರೂ ಖಾಸಗಿ ಮಂಡಿಗೆ ಹಾಕುವ ಬೆಳೆಗಾರನೂ ಅಲ್ಲಿನ ಧಾರಣೆಯನ್ನು ಕೇಳಿಕೊಂಡೇ ಮಾತಿಗೆ ಕೂಡುತ್ತಾನೆ. ಅಡಿಕೆಯ ಬೆಳೆಗಾರನಿಗೆ ಸಹಕಾರ ಸಂಘವು ಯಾವ ಆಧಾರವನ್ನು ಕೊಟ್ಟಿದೆಯೋ, ಸೊಪ್ಪು ಕಾಯಿ ಮಾರುವವಳಿಗೆ ಸಂತೆಯು ಅದೇ ಆಧಾರವನ್ನು ಕೊಡಬಲ್ಲುದು. ಅವಳಿಗೆ ಬೇರೆ ಆಧಾರವೂ ಇಲ್ಲ.

ಇನ್ನು ತಕ್ಕಡಿಯ ವಿಷಯ. ಕೃಷಿ ಮಾರುಕಟ್ಟೆಯ ಯಾರ್ಡಿನಲ್ಲಿ ಮಾಲು ತಂದವನು ದೂರ ನಿಂತು ನೋಡುತ್ತಾನೆ. ತೂಗುವವರು, ಸೂಟೆಂದು ತೂಕದಲ್ಲಿ ಕಳೆಯುವವರು, ಪಟ್ಟಿ ಬರೆಯುವವರು ಬೇರೆಯವರು. ಸಂತೆಯಲ್ಲಿ ತಕ್ಕಡಿಯು ಬೆಳೆದವನ ಕೈಯಲ್ಲಿರುತ್ತದೆ, ಕೊಳ್ಳುವವನು ಮುಳ್ಳನ್ನು ನೋಡುತ್ತಾನೆ. ಇದನ್ನು ಅಲ್ಪ ವ್ಯತ್ಯಾಸವೆಂದು ಎಣಿಸುವವರು 1951ರ ಕಾಗೋಡು ಸತ್ಯಾಗ್ರಹವನ್ನು ನೆನೆಯಬೇಕು. ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೂ ಒಂದಾಗಿದ್ದಿತು. ರಾಮಮನೋಹರ ಲೋಹಿಯಾ ಅವರಂಥವರು ಬಂದು ಬಂಧನಕ್ಕೊಳಗಾದ ಆ ಮಹಾ ಹೋರಾಟದ ಬೇರಿನಲ್ಲಿ ಒಂದು ಅಳತೆಯ ಪಾತ್ರೆ ಇದ್ದಿತು. ಅಳತೆಯನ್ನು ಕೈಯಲ್ಲಿ ಹಿಡಿದವನೇ ಒಡೆಯನೆಂಬುದನ್ನು ಮಲೆನಾಡಿನ ರೈತನು ಯಾವ ಅರ್ಥಶಾಸ್ತ್ರದ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ. 1974ರ ಭೂಸುಧಾರಣೆಯ ಕಾನೂನಿನಿಂದ ಉಳುವವನು ಹೊಲದ ಒಡೆಯನಾದನು, ಸಂತೋಷ. ಹೊಲದಲ್ಲಿ ಬೆಳೆದುದರ ಬೆಲೆಯ ವಿಷಯದಲ್ಲಿ ಅವನ ಒಡೆತನವು ಇನ್ನೂ ಸಿದ್ಧಿಸಿಲ್ಲ.

ಬೆಲೆಗಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ: ಕೈಯಿಂದ ಕೈಗೆ ದಾಟುವಾಗ ಪದಾರ್ಥದೊಡನೆ ಅದರ ಜ್ಞಾನವು ದಾಟುವುದಿಲ್ಲ. ಅಪ್ಪೆಮಿಡಿಯ ವ್ಯಾಪಾರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಳೆಯ ದಂಡೆಯ ಕಾಡುಮಾವಿನ ಮರಗಳಲ್ಲಿ ಒಂದರ ಮಿಡಿಯಂತೆ ಇನ್ನೊಂದರದಿರುವುದಿಲ್ಲ. ಒಂದಕ್ಕೆ ಜೀರಿಗೆಯ ಪರಿಮಳ, ಒಂದಕ್ಕೆ ಕರ್ಪೂರದ ಛಾಯೆ, ಒಂದು ಹುಳಿ, ಒಂದು ಬರಿಯ ಒಗರು. ಬೇಸಗೆಯ ಮೊದಲಲ್ಲಿ ಮಿಡಿ ಬಂದಾಗ, ಬಲ್ಲ ಗೃಹಿಣಿಯು ರಾಶಿಯಿಂದ ಒಂದನ್ನು ಎತ್ತಿ ತೊಟ್ಟನ್ನು ಚಿವುಟುತ್ತಾಳೆ, ಚಿಮ್ಮಿದ ಸೊನೆಯನ್ನು ಮೂಗಿನ ಬಳಿ ಹಿಡಿಯುತ್ತಾಳೆ, ಆಮೇಲೆ “ಯಾವ ಮರದ್ದು?” ಎಂದು ಕೇಳುತ್ತಾಳೆ. ಮರ ಹತ್ತಿ ಕೊಯ್ದವನು ಆ ಪ್ರಶ್ನೆಗೆ ಉತ್ತರ ಹೇಳಬಲ್ಲ. ತೊಟ್ಟು ಮುರಿಯದಂತೆ ಗೊಂಚಲು ಗೊಂಚಲಾಗಿ ಇಳಿಸಿದನೋ, ಕೊಂಬೆ ಅಲುಗಿಸಿ ನೆಲಕ್ಕೆ ಬೀಳಿಸಿದನೋ ಎಂಬುದೂ ಅವನಿಗೆ ಗೊತ್ತು. ಬಿದ್ದು ಜಜ್ಜಿದ ಮಿಡಿಯು ಉಪ್ಪಿನಲ್ಲಿ ಕೊಳೆತು ಭರಣಿಯನ್ನೇ ಕೆಡಿಸುತ್ತದೆಯಾದುದರಿಂದ ಆ ಉತ್ತರಕ್ಕೆ ವರ್ಷವಿಡೀ ಬೆಲೆಯುಂಟು. ಅದೇ ಮಿಡಿಯು ಎರಡು ಕೈ ದಾಟಿ, ಹತ್ತು ಮರಗಳ ಮಿಡಿಯೊಡನೆ ಒಂದೇ ಚೀಲದಲ್ಲಿ ಬೆರೆತು ಬಂದರೆ, ನೂರಕ್ಕೆ ಇಷ್ಟು ಎಂಬ ಬೆಲೆ ಉಳಿಯುತ್ತದೆ, ಉತ್ತರ ಉಳಿಯುವುದಿಲ್ಲ. ಆಗ ಜೀವದ ಹಂಗು ತೊರೆದು ಎತ್ತರದ ಮರ ಹತ್ತಿದವನಿಗೂ, ಕೆಳಗೆ ನಿಂತು ಕೊಂಬೆ ಅಲುಗಿಸಿದವನಿಗೂ ಒಂದೇ ದರ. ಒಳ್ಳೆಯದನ್ನು ಒಳ್ಳೆಯದೆಂದು ಗುರುತಿಸದ ಪೇಟೆಯಲ್ಲಿ ಒಳ್ಳೆಯದು ಎಷ್ಟು ಕಾಲ ಬಾಳೀತು? ಒಳ್ಳೆಯ ಮಿಡಿಯ ಮರವನ್ನು ಕಡಿಯದೆ ಉಳಿಸಲು ಅದರ ಒಡೆಯನಿಗೆ ಕಾರಣವಾದರೂ ಏನು?

ಬೆಲ್ಲದ ಕಥೆಯೂ ಇದೇ. ಭದ್ರಾ ನಾಲೆಯ ಅಚ್ಚುಕಟ್ಟಿನ ಆಲೆಮನೆಗಳಲ್ಲಿ ಕಾಯಿಸಿದ ಬೆಲ್ಲದ ಸಹಜವಾದ ಬಣ್ಣವು ಕಂದು. ದೂರದ ಪೇಟೆಯು ಕಣ್ಣಿನಿಂದ ಬೆಲೆ ಕಟ್ಟುತ್ತದೆ, ಹಳದಿಗೆ ಹೆಚ್ಚು ಕೊಡುತ್ತದೆ. ಆದುದರಿಂದ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಈ ಪಾಪವನ್ನು ಆಲೆಮನೆಯವನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ತಿನ್ನುವವನೆದುರು ನಿಂತು “ಇದು ಕಪ್ಪಗಿದೆ, ಆದರೆ ಇದಕ್ಕೆ ಏನೂ ಹಾಕಿಲ್ಲ, ಒಂದು ಚೂರು ಬಾಯಿಗೆ ಹಾಕಿ ನೋಡಿ” ಎಂದು ಹೇಳುವ ಅವಕಾಶ ಅವನಿಗೆ ಸಿಕ್ಕಿದ್ದರೆ ಅವನ ಪ್ರಾಮಾಣಿಕತೆಗೂ ಒಂದು ಬೆಲೆ ಬರುತ್ತಿದ್ದಿತು. ಕೊಳ್ಳುವವನ ಮುಖವನ್ನೇ ಕಾಣದವನಿಗೆ ತನ್ನ ಕೆಲಸದ ಗುಣವನ್ನು ಕಾಪಾಡಿಕೊಳ್ಳುವುದು ಬರಿಯ ತಪಸ್ಸಾಗುತ್ತದೆ; ಜನಸಾಮಾನ್ಯರಿಂದ ತಪಸ್ಸನ್ನು ನಿರೀಕ್ಷಿಸುವ ವ್ಯವಸ್ಥೆಯು ವ್ಯವಸ್ಥೆಯೇ ಅಲ್ಲ.

ಈ ವಿಚಾರವು ನಮ್ಮ ಜಿಲ್ಲೆಯದು ಮಾತ್ರವಲ್ಲ. 1999ನೆಯ ಇಸವಿ ಒಂದರಲ್ಲಿಯೇ ಆಂಧ್ರದಲ್ಲಿ ರೈತು ಬಜಾರುಗಳೂ, ಮಧುರೆಯಲ್ಲಿ ಉಳವರ್ ಸಂದೈಯೂ, ಸ್ಕಾಟ್ಲೆಂಡಿನ ಪರ್ತ್ ಪಟ್ಟಣದಲ್ಲಿ ಆ ದೇಶದ ಮೊದಲನೆಯ ರೈತರ ಮಾರುಕಟ್ಟೆಯೂ ಆರಂಭವಾದುವು. ತಾನು ಬೆಳೆದುದನ್ನು, ತಾನು ಸಾಕಿದುದನ್ನು, ತಾನು ತಯಾರಿಸಿದುದನ್ನು ಮಾರುವುದೇ ಇಂಥ ಮಾರುಕಟ್ಟೆಗಳ ಮೂಲ ನಿಯಮ; ತಮಿಳುನಾಡಿನಲ್ಲಿ ಅದಕ್ಕಾಗಿ ರೈತನಿಗೆ ಗುರುತಿನ ಚೀಟಿಯನ್ನೂ ಕೊಟ್ಟರು. ಆದರೆ ಪರದೇಶದ ಮಾದರಿಯೆಂದು ಕುಣಿದು, ನಗರದ ಸಿರಿವಂತರಿಗಾಗಿ ತಿಂಗಳಿಗೊಮ್ಮೆ ಸಾವಯವದ ಮೇಳವನ್ನು ನಡೆಸಿ, ಬುಟ್ಟಿಗಳಿಗೆ ಬಣ್ಣದ ಕಾಗದ ಸುತ್ತಿ, ರೈತನಿಗೆ ಮಹದುಪಕಾರ ಮಾಡಿದೆವೆಂದು ತೃಪ್ತರಾಗುವುದನ್ನು ನಾನು ಒಪ್ಪಲಾರೆ. ಸಂತೆಯು ನಮ್ಮಲ್ಲಿ ಬಡವನು ಬಡವನಿಂದ ಕೊಳ್ಳುವ ಸ್ಥಳ. ಭದ್ರಾವತಿಯನ್ನು ನೋಡಿದರೆ ಇದು ತಿಳಿಯುತ್ತದೆ. ಬೆಂಕಿಪುರವೆಂಬ ಹಳ್ಳಿಯ ಬಳಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು, 1936ರಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ಸಾವಿರಾರು ಕಾರ್ಮಿಕರ ಸಂಬಳದ ಒಂದು ಪಾಲು ಸುತ್ತಲಿನ ಹಳ್ಳಿಗಳ ತೋಟ ಗದ್ದೆಗಳಿಗೆ ಹರಿಯಿತು. ಕಾಗದದ ಕಾರ್ಖಾನೆ ನಿಂತು, ಕಬ್ಬಿಣದ ಕಾರ್ಖಾನೆ ಕ್ಷೀಣಿಸಿದಾಗ ನಷ್ಟವು ಕಾರ್ಮಿಕನ ಮನೆಯಲ್ಲಿಯೇ ನಿಲ್ಲಲಿಲ್ಲ. ಅವನಿಗೆ ಬದನೆ, ಸೊಪ್ಪು, ಹಾಲು ಮಾರುತ್ತಿದ್ದವನ ಮನೆಯನ್ನೂ ಮುಟ್ಟಿತು. ಕೊಳ್ಳುವವನ ಜೇಬು ಬರಿದಾದರೆ ಎಂಥ ಮಾರುಕಟ್ಟೆಯೂ ರೈತನನ್ನು ಉದ್ಧರಿಸಲಾರದು. ಸಂತೆಯ ಪಕ್ಷದವರಾದ ನಾವು ಈ ಮಿತಿಯನ್ನು ಒಪ್ಪಿಕೊಂಡೇ ವಾದಿಸಬೇಕು.

ಸಂತೆಯಿಂದ ವಾಹನಸಂಚಾರಕ್ಕೆ ಅಡ್ಡಿಯಾಗುತ್ತದೆ, ಊರಿನ ಅಂದ ಕೆಡುತ್ತದೆ ಎಂಬವರಿಗೆ ಊರೆಂದರೆ ಕಾರು ನಿಲ್ಲಿಸುವ ಜಾಗ ಮಾತ್ರವಲ್ಲವೆಂದಷ್ಟೇ ಹೇಳಬಲ್ಲೆ.

ಆಗಬೇಕಾದುದು ಅಸಾಧ್ಯವೇನಲ್ಲ, ಕಾನೂನಿನ ಆಧಾರವೂ ಇಲ್ಲದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ ಇಟ್ಟಿದೆ; ವಾರಕ್ಕೊಮ್ಮೆ ಮಾತ್ರ ಪೇಟೆಗೆ ಬರುವ ಬೆಳೆಗಾರನ ದನಿಯೂ ಅಲ್ಲಿ ಕೇಳಿಸಬೇಕು. ಆಹಾರ ಸುರಕ್ಷತೆಯ 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಚಿಕ್ಕ ತಯಾರಕರಿಗೆ ಪರವಾನಗಿಯ ಬದಲು ಸುಲಭವಾದ ನೋಂದಣಿಯನ್ನು ಹೇಳಿದುವು. ಹಪ್ಪಳ ಮಾಡುವ ಹೆಂಗಸು ಕಚೇರಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಸಂತೆಯ ದಿನ ಕಚೇರಿಯೇ ಅವಳಿದ್ದಲ್ಲಿಗೆ ಬರುವುದು ನ್ಯಾಯ. ಸಂತೆಯ ಸುಂಕವನ್ನು ಹರಾಜು ಹಾಕಿ ಗುತ್ತಿಗೆದಾರನಿಗೆ ಒಪ್ಪಿಸುವ ಪದ್ಧತಿ ನಿಲ್ಲಬೇಕು. ಸ್ವಂತ ಮಾಲನ್ನು ತಂದವನಿಗೆ ಪ್ರತ್ಯೇಕವಾದ ಸಾಲು, ಮಳೆಗಾಲಕ್ಕೆ ಮಾಡು, ಮುದ್ರೆಯೊತ್ತಿದ ತಕ್ಕಡಿ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇರಬೇಕು. ಯಾರ್ಡಿನಲ್ಲಿ ಸಗಟು ಕೊಂಡು ಸಂತೆಯಲ್ಲಿ ಚಿಲ್ಲರೆ ಮಾರುವವರೂ ಬಡವರೇ. ಅವರನ್ನು ಓಡಿಸಬೇಕಾಗಿಲ್ಲ, ಇಬ್ಬರ ಸಾಲುಗಳು ಬೇರೆಯೆಂದು ಕೊಳ್ಳುವವನಿಗೆ ತಿಳಿದರೆ ಸಾಕು.

ಬೆಳೆದವನು ಮಾರಬಾರದೆಂಬ ಧರ್ಮವು ಬೆಳೆದವನಿಂದ ಹುಟ್ಟಿದುದಲ್ಲ. ತನ್ನ ಶ್ರಮದ ಫಲಕ್ಕೆ ತಾನೇ ಬೆಲೆ ಹೇಳುವ, ಕೊಳ್ಳುವವನು ಒಪ್ಪದಿದ್ದರೆ ಕಾರಣ ಕೇಳುವ, ಆ ಕಾರಣದಿಂದ ಮುಂದಿನ ಬೆಳೆಯನ್ನು ತಿದ್ದಿಕೊಳ್ಳುವ ಹಕ್ಕು ಯಾರಿಗಿದೆಯೋ ಅವನೇ ಸ್ವತಂತ್ರನಾದ ಕಸುಬುದಾರ. ಅದಿಲ್ಲದವನು ತನ್ನ ಹೊಲದಲ್ಲಿಯೇ ಪರರ ಕೂಲಿಯಾಳು. ಶಿವಮೊಗ್ಗ ಭದ್ರಾವತಿಗಳ ನಗರಾಡಳಿತಗಳು ಮುಂದಿನ ಆಯವ್ಯಯದಲ್ಲಿ ಈ ಸಂತೆಯ ಸಾಲುಗಳಿಗೆ ನೆಲವನ್ನೂ ಹಣವನ್ನೂ ತೆಗೆದಿರಿಸಲಿ. ರೈತನ ಸ್ವಾತಂತ್ರ್ಯದ ವಿಷಯದಲ್ಲಿ ಅವು ಆಡುವ ಮಾತುಗಳನ್ನು ಜನರು ಆ ಲೆಕ್ಕದ ಪುಟದಲ್ಲಿಯೇ ಪರೀಕ್ಷಿಸಲಿ.