‘ಹೊರಗೆ’ ಎಂಬ ಊರು ಎಲ್ಲಿದೆ?

ದಿನಬಳಕೆಯ ಮಾತುಗಳಲ್ಲಿ ‘ಹೊರಗೆ’ ಎಂಬುದರಷ್ಟು ನಿರಾಯಾಸವಾಗಿ ನಾಲಗೆಯಿಂದ ಜಾರುವ ಮಾತು ಇನ್ನೊಂದಿರಲಾರದು. ಕಸವನ್ನು ಹೊರಗೆ ಚೆಲ್ಲು, ಬಚ್ಚಲ ನೀರನ್ನು ಹೊರಗೆ ಬಿಡು, ಹಳೆಯ ಸಾಮಾನನ್ನು ಹೊರಗೆ ಹಾಕು! ಹೀಗೆ ಹೇಳಿ ಮುಗಿಸಿದೊಡನೆ ಮನೆ ಶುಚಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಈ ‘ಹೊರಗೆ’ ಎಂಬ ಊರು ಯಾವ ತಾಲೂಕಿನಲ್ಲಿದೆ, ಅಲ್ಲಿ ವಾಸವಾಗಿರುವವರು ಯಾರು ಎಂದು ನಾವೆಂದಾದರೂ ವಿಚಾರಿಸಿದ್ದುಂಟೆ?

ಪಟ್ಟಣವಾಸಿಗಳಿಗೆ ಈ ಪ್ರಶ್ನೆ ಏಳುವುದು ಅಪರೂಪ. ಬೆಳಗ್ಗೆ ನಗರಸಭೆಯ ಗಾಡಿ ಬಂದು ಕಸವನ್ನು ಕೊಂಡೊಯ್ದಿತೆಂದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಗದಗ ತಾಲೂಕಿನ ಹಿರೇಹಂದಿಗೋಳದಂಥ ಹಳ್ಳಿಯಲ್ಲಿ ನಿಂತು ನೋಡಿದರೆ ಮಾತ್ರ ಸಂಗತಿ ಬೇರೆಯಾಗಿ ಕಾಣುತ್ತದೆ. ಹಳ್ಳಿಯಲ್ಲಿ ಒಬ್ಬರ ಮನೆಯ ಹೊರಗು ಇನ್ನೊಬ್ಬರ ಅಂಗಳ. ಊರಿನ ಹೊರಗು ಯಾರದೋ ಹೊಲ. ಬೀದಿಗೆ ಬಿದ್ದ ಪ್ಲಾಸ್ಟಿಕ್ ಚೀಲವನ್ನು ಗಾಳಿ ಎತ್ತಿ ಜಾಲಿಯ ಮುಳ್ಳಿಗೆ ಸಿಗಿಸುತ್ತದೆ. ಉಳಿದ ಅನ್ನದ ವಾಸನೆಗೆ ಬಂದ ಆಕಳು ಅದನ್ನು ನುಂಗುತ್ತದೆ. ನುಂಗದೆ ಉಳಿದದ್ದು ಮಳೆಗಾಲದಲ್ಲಿ ಹಳ್ಳಕ್ಕಿಳಿಯುತ್ತದೆ. ನಾವು ಹೊರಗೆ ಹಾಕಿದ್ದು ಯಾರದಾದರೂ ಒಳಗನ್ನು ಹೊಕ್ಕೇ ತೀರುತ್ತದೆ.

ನಮ್ಮ ಹಿರಿಯರ ಮನೆಗಳಲ್ಲಿ ಕಸವಿರಲಿಲ್ಲವೆಂದಲ್ಲ, ವ್ಯರ್ಥವೆಂಬುದು ವಿರಳವಾಗಿತ್ತು. ಕಾಯಿಪಲ್ಲೆಯ ಸಿಪ್ಪೆ, ದನದ ಸಗಣಿ, ಅಂಗಳದ ಕಸಗಳೆಲ್ಲವೂ ಹಿತ್ತಲ ತಿಪ್ಪೆಗೆ ಸೇರಿ, ಮುಂಗಾರಿಗೆ ಮೊದಲು ಬಂಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ಜೋಳದ ತೆನೆ ಮನೆಗೆ ಬಂದರೆ ಕಣಿಕೆ ಎತ್ತಿನ ಬಾಯಿಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ತಲೆಗೆ ಸೀಗೆ, ರೇಷ್ಮೆ ಬಟ್ಟೆಗೆ ಅಂಟವಾಳ. ಮೆತ್ತಗಾದ ಸೀರೆ, ಧೋತರಗಳು ಪದರ ಪದರವಾಗಿ ಹೊಲಿಗೆಗೊಂಡು ಕೌದಿಯಾಗುತ್ತಿದ್ದುವು. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುವ ಈ ಉಪಾಯಕ್ಕೆ ಅಂದು ಯಾರೂ ‘ಪರಿಸರ ರಕ್ಷಣೆ’ ಎಂಬ ದೊಡ್ಡ ಹೆಸರನ್ನು ಕೊಡಲಿಲ್ಲ. ಮಳೆ ಕಡಿಮೆಯ ಎರೆಸೀಮೆಯಲ್ಲಿ ಬಾಳುವವರಿಗೆ ಅದು ಸಹಜವಾದ ಗೃಹವಿವೇಕವಾಗಿತ್ತು, ಅಷ್ಟೆ.

ಇಷ್ಟನ್ನು ಹೇಳಿ, ಹಿಂದಿನದೆಲ್ಲ ಚೆನ್ನ, ಹಿಂದಕ್ಕೇ ಹೋಗೋಣವೆಂದು ಉಪದೇಶಿಸುವುದು ಬಹು ಸುಲಭ. ಆದರೆ ಈ ಮಿತವ್ಯಯದ ಭಾರವನ್ನು ಹೊತ್ತವರಾರು? ಬಾವಿಯಿಂದ ತುಂಬಿದ ಕೊಡ ತಂದ ನಡು ಯಾರದು? ಬೂದಿ ತಿಕ್ಕಿ ತಿಕ್ಕಿ ಬಿರಿದ ಅಂಗೈ ಯಾರದು? ಹಸಿಕಟ್ಟಿಗೆಯ ಹೊಗೆಗೆ ಕೆಂಪೇರಿದ ಕಣ್ಣು ಯಾರದು? ಮನೆಯ ಹೆಣ್ಣುಮಕ್ಕಳ ದುಡಿಮೆಯ ಮೇಲೆಯೇ ಆ ಹಿತಮಿತದ ಸಂಸಾರ ನಿಂತಿತ್ತು. ಅನಿಲದ ಒಲೆಯೂ ಮನೆಬಾಗಿಲ ನಲ್ಲಿಯೂ ಅವರಿಗೆ ತಂದ ಬಿಡುಗಡೆಯನ್ನು ಕಸಿದುಕೊಳ್ಳುವ ಯಾವ ಸುಧಾರಣೆಯೂ ಸುಧಾರಣೆಯಲ್ಲ. ಆದ್ದರಿಂದ ಹಳೆಯ ಅಭ್ಯಾಸಗಳಲ್ಲಿ ಯಾವುದನ್ನು ಮರಳಿ ತರೋಣವೆಂದು ಕೇಳುವಾಗಲೇ, ಅದನ್ನು ಮಾಡುವವರು ಯಾರೆಂಬುದನ್ನೂ ಕೇಳಿಕೊಳ್ಳಬೇಕು. ಗಂಡ ಭಾಷಣ ಮಾಡಿ ಹೆಂಡತಿ ಸಿಪ್ಪೆ ಬೇರ್ಪಡಿಸುವುದಾದರೆ ಅಂಥ ವ್ರತ ಹದಿನೈದು ದಿನವೂ ನಡೆಯದು; ನಡೆಯಲೂಬಾರದು.

ಮೊದಲು ನೀರಿನ ವಿಷಯ. ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಗೆ ಹೋದವರು ಗುಡಿಗಳನ್ನು ನೋಡಿ ಬರುತ್ತಾರೆ. ಅಲ್ಲಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನೂ ಒಮ್ಮೆ ಇಳಿದು ನೋಡಬೇಕು. ಮೆಟ್ಟಿಲು ಬಾವಿಗೊಂದು ವಿಶೇಷ ಗುಣವಿದೆ. ಇಂದು ಎಷ್ಟು ನೀರಿದೆ, ಹೋದ ತಿಂಗಳಿಗಿಂತ ಎಷ್ಟು ಮೆಟ್ಟಿಲು ಕೆಳಗಿಳಿದಿದೆ ಎಂಬುದನ್ನು ಅದು ಬಂದವರಿಗೆಲ್ಲ ತೋರಿಸುತ್ತದೆ. ಕಂಡವನು ಕೈ ಬಿಗಿ ಹಿಡಿಯುತ್ತಾನೆ. ನಲ್ಲಿಗೆ ಈ ಗುಣವಿಲ್ಲ. ನದಿ ತುಂಬಿದ್ದರೂ ಅಷ್ಟೆ, ಬತ್ತಿದ್ದರೂ ಅಷ್ಟೆ, ಬರುವಷ್ಟು ದಿನ ಅದೇ ಧಾರೆ. ನಿಂತ ದಿನವೇ ಸುದ್ದಿ. ಆದಕಾರಣ ಬಾವಿ ಕಣ್ಣಿಗೆ ತೋರಿಸುತ್ತಿದ್ದ ಲೆಕ್ಕವನ್ನು ಈಗ ನಾವೇ ಇಡಬೇಕು. ಸ್ನಾನಕ್ಕೆ ಒಂದು ಬಕೀಟು ನೀರೆಂದರೆ ಹದಿನೈದಿಪ್ಪತ್ತು ಲೀಟರು. ನೆತ್ತಿಯ ಮೇಲೆ ಸುರಿಯುವ ತುಂತುರು ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಎಂಟು ಹತ್ತು ಲೀಟರು ಬಿಡುತ್ತದೆ. ಐದು ನಿಮಿಷ ನಿಂತವನು ಎರಡು ಮೂರು ಬಕೀಟು ನೀರನ್ನು ಬಚ್ಚಲಿಗೆ ಕಳಿಸಿರುತ್ತಾನೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಪಾತ್ರೆಯನ್ನಿಟ್ಟು ಮಲಗಿರಿ. ಬೆಳಗ್ಗೆ ಅದೇ ನಿಮಗೆ ಬುದ್ಧಿ ಹೇಳುತ್ತದೆ. ಅಕ್ಕಿ, ಬೇಳೆ ತೊಳೆದ ನೀರಿಗೆ ಹಿತ್ತಲ ಕರಿಬೇವಿನ ಬುಡವೇ ತಕ್ಕ ಜಾಗ.

ಇನ್ನು ಆಕಾಶದ ನೀರು. ಗದಗಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 600 ಮಿಲಿಮೀಟರು. ಒಂದು ಚದರ ಮೀಟರು ಚತ್ತಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಹಾಗಾದರೆ 100 ಚದರ ಮೀಟರಿನ ಸಾಧಾರಣ ಚತ್ತಿನ ಮೇಲೆ ವರ್ಷಕ್ಕೆ ಬೀಳುವುದು 60,000 ಲೀಟರು! ಆರಿದ್ದು, ಸೋರಿದ್ದು, ಮೊದಲ ಮಳೆಯ ಕೊಳೆನೀರೆಂದು ಬಿಟ್ಟದ್ದು ಎಂದು ಅರ್ಧವನ್ನೇ ಕಳೆದರೂ 30,000 ಲೀಟರು ಉಳಿಯಿತು. ಐದು ಮಂದಿಯ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರು ಬೇಕೆಂದುಕೊಂಡರೆ ವರ್ಷಕ್ಕೆ 9,000ಕ್ಕಿಂತ ತುಸು ಹೆಚ್ಚು. ಮೂರು ವರ್ಷದ ನೀರನ್ನು ಒಂದೇ ವರ್ಷದಲ್ಲಿ ಗಟಾರಕ್ಕೆ ಬಿಟ್ಟು, ನೀರಿಲ್ಲವೆಂದು ನಾವು ದೂರುತ್ತೇವೆ. ಮುಂಡರಗಿಯ ಕಡೆಯ ಹಲವು ಊರುಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿ ಹಲ್ಲು ಮೂಳೆಗಳನ್ನು ಕೆಡಿಸುತ್ತಿರುವಾಗ, ಆ ದೋಷವಿಲ್ಲದ ಮಳೆಯ ನೀರು ಎಂಥ ಸಂಪತ್ತು! ಶೋಧಿಸಿ ಕಾಯಿಸಿದರೆ ಕುಡಿಯಲು ಬಂದೀತು. ತೊಟ್ಟಿ ಕಟ್ಟಿಸುವ ಶಕ್ತಿ ಇಲ್ಲದವರು ದೋಣಿಯ ಕೆಳಗೆ ಒಂದು ಪಿಪಾಯಿಯನ್ನಾದರೂ ಇಡಬಹುದು. ಅರಿವೆ ಒಗೆಯಲು, ಗಿಡಕ್ಕೆ ಹಾಕಲು ಅದು ಸಾಕು.

ಊಟದ ತಾಟಿಗೆ ಬರೋಣ. ಹಿಂಗಾರಿಯ ಬಿಳಿಜೋಳ ಎರೆಮಣ್ಣಿನಲ್ಲಿ ಉಳಿದ ತೇವವನ್ನೇ ನೆಚ್ಚಿ ಬೆಳೆಯುವ ಧಾನ್ಯ. ಭತ್ತವಾದರೋ ಗದ್ದೆಯಲ್ಲಿ ನಿಂತ ನೀರನ್ನು ಬೇಡುತ್ತದೆ. ಪಟ್ಟಣಕ್ಕೆ ಬಂದ ನಮ್ಮ ಸಂಸಾರಗಳು ರೊಟ್ಟಿಯನ್ನು ಕ್ರಮೇಣ ಬಿಟ್ಟು ಎರಡು ಹೊತ್ತೂ ಅನ್ನಕ್ಕೆ ಒಗ್ಗಿದುವು. ವಾರದಲ್ಲಿ ಇನ್ನೆರಡು ದಿನ ರೊಟ್ಟಿಗೆ ಮರಳಿದರೆ ನಾಲಗೆಗೇನೂ ನಷ್ಟವಿಲ್ಲ; ನೆಲಕ್ಕೆ ಲಾಭವಿದೆ. ಬೇಳೆಯನ್ನು ಮೊದಲೇ ನೆನೆಯಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿದರೆ ಅನಿಲವೂ ಉಳಿಯುತ್ತದೆ. ನಮ್ಮ ನಗರಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಡಿಗೆಮನೆಯಿಂದ, ಸಂತೆಯಿಂದ ಹೊರಟ ಕೊಳೆಯುವ ಪದಾರ್ಥವೇ. ಹಸಿಯನ್ನೂ ಒಣದನ್ನೂ ಮನೆಯಲ್ಲಿಯೇ ಬೇರೆ ಮಾಡಬೇಕೆಂದು 2016ರ ನಿಯಮಗಳು ಹೇಳಿದುದು ಇದಕ್ಕಾಗಿಯೇ. ಹಿತ್ತಲಿಲ್ಲದ ಮನೆಯಲ್ಲಿ ತಳ ತೂತಾದ ಒಂದು ಹಳೆಯ ಗಡಿಗೆಯೇ ಪುಟ್ಟ ತಿಪ್ಪೆಯಾಗಬಲ್ಲದು. ಒಂದು ಪದರ ಸಿಪ್ಪೆ, ಅದರ ಮೇಲೊಂದು ಪದರ ಒಣ ಎಲೆ ಅಥವಾ ಮಣ್ಣು. ಎರಡು ಮೂರು ತಿಂಗಳಲ್ಲಿ ತುಳಸಿಗೆ, ಮಲ್ಲಿಗೆಗೆ ಗೊಬ್ಬರ ಸಿದ್ಧ.

ಹೊಸತೆಲ್ಲ ಕೆಡುಕೆಂದೂ ತಿಳಿಯಬೇಕಾಗಿಲ್ಲ. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದಿನ ಎಲ್‌ಇಡಿ ದೀಪ 9 ವ್ಯಾಟಿನಲ್ಲಿಯೇ ಕೊಡುತ್ತದೆ. ವಿವೇಕಕ್ಕೆ ಹಳತು ಹೊಸತೆಂಬ ಪಂಕ್ತಿಭೇದವಿಲ್ಲ.

‘ನಾನೊಬ್ಬ ಕೈಚೀಲ ಹಿಡಿದು ಪೇಟೆಗೆ ಹೋದರೆ ಲೋಕ ಉದ್ಧಾರವಾದೀತೆ?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ ಸರಿ. ನಮ್ಮ ಕಪ್ಪತಗುಡ್ಡವನ್ನೇ ನೋಡಿರಿ. 2015ರಲ್ಲಿ ಸರಕಾರ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ಮರುವರ್ಷವೇ ಆ ಆದೇಶವನ್ನು ಹಿಂತೆಗೆದುಕೊಂಡಿತು. ಆಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳ್ತನದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆದೇಶ ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಗುಡ್ಡವನ್ನು ಉಳಿಸಿದ್ದು ಯಾರ ಕೈಚೀಲವೂ ಅಲ್ಲ, ಸಂಘಟಿತರಾದ ಜನರ ದನಿ ಎಂಬುದನ್ನು ಒಪ್ಪಲೇಬೇಕು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಕಾಣಬೇಕು. ಪ್ಲಾಸ್ಟಿಕ್ ಚೀಲವನ್ನು ನಮ್ಮ ರಾಜ್ಯ 2016ರಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರಲ್ಲಿ ಇಡೀ ದೇಶವೇ ನಿಷೇಧಿಸಿತು. ಆದರೂ ಸಂತೆಯಲ್ಲಿ ಆ ಚೀಲ ಮಾಯವಾಗಿಲ್ಲ. ಏಕೆಂದರೆ ಕೊಳ್ಳುವವನು ಕೈಬೀಸಿಕೊಂಡು ಬರುತ್ತಾನೆ. ಅಭ್ಯಾಸವಿಲ್ಲದ ಕಾನೂನು ಕಾಗದದಲ್ಲಿ ಉಳಿಯುತ್ತದೆ. ಕಾನೂನಿನ ಬೆಂಬಲವಿಲ್ಲದ ಅಭ್ಯಾಸ ಒಂಟಿಯಾಗಿ ಸೊರಗುತ್ತದೆ. ಎರಡೂ ಬೇಕು.

ಲಕ್ಷ್ಮೇಶ್ವರದ ಸಮೀಪದ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಾವು ಊರ ಹೊರಗೆಂದು ಕರೆಯುವ ಕೆರೆಹೊಲಗಳೇ, ಅಷ್ಟು ದೂರದಿಂದ ಬರುವ ಆ ಹಕ್ಕಿಗಳಿಗೆ ನಾಲ್ಕು ತಿಂಗಳ ಮನೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಭಾಗದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಬಂಧುಬಳಗದೊಡನೆ ಬೆಳೆಯ ನಡುವೆ ಕುಳಿತು ಉಣ್ಣುತ್ತಾರೆ. ಇದಕ್ಕಿಂತ ಸುಂದರವಾದ ಹಬ್ಬವಿಲ್ಲ. ಈಚಿನ ವರ್ಷಗಳಲ್ಲಿ ಹಬ್ಬ ಮುಗಿದ ಮರುದಿನ ಹೊಲದ ಬದುವಿನಲ್ಲಿ ಹೊಳೆಯುವ ತಟ್ಟೆ, ಲೋಟ, ನೀರಿನ ಬಾಟಲಿಗಳೂ ಬಿದ್ದಿರುತ್ತವೆ. ತಾಯಿಗೆ ಉಣಿಸಲು ಹೋದವರು ಅವಳ ಮಡಿಲಿಗೇ ಎಂಜಲನ್ನು ಸುರಿದು ಬಂದಂತಾಯಿತಲ್ಲವೆ? ಮುಂದಿನ ಎಳ್ಳ ಅಮಾವಾಸ್ಯೆಗೆ ಬುತ್ತಿಯೊಡನೆ ಮನೆಯ ತಾಟು ತಂಬಿಗೆಗಳನ್ನೇ ಒಯ್ಯೋಣ. ಒಯ್ದದ್ದನ್ನೆಲ್ಲ ತಿರುಗಿ ತರಲು ಒಂದು ಬರಿಯ ಚೀಲವೂ ಜೊತೆಗಿರಲಿ. ಆ ಚೀಲವನ್ನು ಹೊತ್ತು ತಂದು, ಮನೆಯಲ್ಲಿ ತಾಟುಗಳನ್ನು ತೊಳೆದಿಡುವ ಕೆಲಸ ಮಾತ್ರ ಅಂದು ಗಂಡಸರ ಪಾಲಿಗಿರಲಿ.